ನಂಗವಳ್ಳಿ ಬಸ್ಸಿನ ಧೂಳು

ಬೆಳಿಗ್ಗೆ ಓಮಲೂರು ಬಸ್ಸಿಗೆ ಓಡುತ್ತಿರುವ ಹೆಂಗಸನ್ನು ಅಡ್ಡಗಟ್ಟಿ, ಅಂಗೈ ಮೇಲೆ ಒಂದು ಪುಟ್ಟ ಲಾರಿ ಇಟ್ಟುಕೊಂಡು, "ಟೀಚರಮ್ಮ, ಈ ಗಾಡಿ ಎಲ್ಲಿಂದ ಬಂತು ಹೇಳು ನೋಡಾನ" ಎಂದು ಕೇಳುವ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ವರ್ಷಗಟ್ಟಲೆ ಕಂಡೆ. ನನ್ನ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ತಿದ್ದಿದ ಪೇಪರುಗಳ ಚೀಲ, ತಲೆಗೂದಲು ಇನ್ನೂ ಒದ್ದೆ. "ಮಾಮ, ಬಸ್ಸು ಓಗ್ಬುಡ್ತದೆ, ಸಾಯಂಕಾಲ ಬಂದು ಹೇಳ್ತೀನಿ" ಅಂದರೆ, "ಆ ಬಸ್ಸು ಇನ್ನೂ ಸ್ಟ್ಯಾಂಡೇ ಬಿಟ್ಟಿಲ್ಲಮ್ಮ, ಡ್ರೈವರು ಟೀ ಕುಡೀತಾವ್ನೆ. ಸಾಯಂಕಾಲದ ಬೆಳಕಲ್ಲಿ ಬಣ್ಣ ನೋಡಬಾರ್ದು. ಹೇಳು, ಸೀಕ್ರಂ, ಬೇಗ" ಅನ್ನುವರು. ಬಸ್ಸಿನ ವಿಷಯದಲ್ಲಿ ಅವರ ಮಾತು, ಒಂದೇ ಒಂದು ದಿನ ಬಿಟ್ಟರೆ, ಯಾವತ್ತೂ ತಪ್ಪಾಗಲಿಲ್ಲ. ಅದೇ ನನಗೆ ಸಿಟ್ಟು.

ನಮ್ಮದು ಸೇಲಂನ ನೇಯ್ಗೆಯವರ ಬೀದಿ. ನಾನು ತಾಳವಾಡಿ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಈ ಬೀದಿಗೆ ಸೊಸೆಯಾಗಿ ಬಂದು ಈಗ ತಮಿಳು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಇಲ್ಲಿಯವರು ಮನೆಯೊಳಗೆ ಕನ್ನಡ ಮಾತಾಡುತ್ತಾರೆ, ಬೀದಿಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಬೀದಿಯ ತಿರುವಿನಲ್ಲಿ, ಕಲ್ಲಿನ ಜಗಲಿಯ ಮನೆ ಅವರದು. ಎಲ್ಲರೂ ಅವರನ್ನು ಟೈಮ್‌ಕೀಪರ್ ಎನ್ನುತ್ತಿದ್ದರು. ನಾನು ಟೈಮ್‌ಕೀಪರ್ ಮಾಮ ಅನ್ನುತ್ತಿದ್ದೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಕರೆಂಟ್ ಬಿಲ್ ಕೊಡುವವನನ್ನು ಬಿಟ್ಟರೆ ಅದರ ಅಗತ್ಯ ಯಾರಿಗೂ ಬೀಳಲಿಲ್ಲ.

ಅವರು ಬಸ್ ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಳ್ಳುವ ಕೆಲಸ. ಕಿಟಕಿಯಿದ್ದ ಒಂದು ಗೂಡಿನಂಥ ರೂಮಿನಲ್ಲಿ ಕೂತು ಇಡೀ ಆಯುಷ್ಯ ಬಸ್ಸುಗಳ ಮುಖ ನೋಡಿದರು. ಮುಖ ಅಂದೆನಲ್ಲ, ಅವರು ಮುಖ ನೋಡುತ್ತಲೇ ಇರಲಿಲ್ಲ. "ಬೋರ್ಡು ಸುಳ್ಳು ಹೇಳ್ತದೆ, ಧೂಳು ಹೇಳಲ್ಲ" ಎನ್ನುವುದು ಅವರ ಮಂತ್ರ. ಏರ್ಕಾಡ್‌ನಿಂದ ಇಳಿದ ಬಸ್ಸಿನ ಚಕ್ರದ ಗೂಡಿನಲ್ಲಿ ಹಸಿರು ತಿರುಗಿದ ಕಪ್ಪು ಕೆಸರು. ಧರ್ಮಪುರಿಯಿಂದ ತೊಪ್ಪೂರು ಘಾಟಿ ಇಳಿದು ಬಂದದ್ದಕ್ಕೆ ಬೇರೆ ಗಾಡಿಗಳ ಹೊಗೆ, ಎಣ್ಣೆ, ಎರಡೂ ಸೇರಿ ಜಿಡ್ಡು ಹಿಡಿದ ಕಂದು. ನಂಗವಳ್ಳಿ ಕಡೆಯದಾದರೆ ಕೆಂಪು, ಅದೂ ಬಾಗಿಲ ಮೆಟ್ಟಿಲವರೆಗೆ. ಒಂದು ಸಲ ಧರ್ಮಪುರಿ ಬಸ್ಸಿನ ಡ್ರೈವರ್ ತಡವಾಗಿ ಬಂದು, ತೊಪ್ಪೂರಲ್ಲಿ ಲಾರಿ ಮಗುಚಿತ್ತು, ಟ್ರಾಫಿಕ್ ಜಾಮ್ ಅಂದನಂತೆ. ಮಾಮ ಕಿಟಕಿಯಿಂದ ಬಗ್ಗಿ ಟೈರು ನೋಡಿ, "ಜಾಮಲ್ಲಿ ನಿಂತ ಗಾಡಿಗೆ ಕೆಮ್ಮಣ್ಣು ಎಂಗೆ ಅತ್ಕೊಂತಪ್ಪ? ಮಾವನ ಮನೇಲಿ ಕೋಳಿ ಕುಯ್ದಿದ್ರಾ?" ಅಂದರಂತೆ. ಡ್ರೈವರ್ ಅಲ್ಲೇ ಕೈ ಮುಗಿದನಂತೆ. ಈ ಕತೆ ನಾನು ಎಷ್ಟು ಸಲ ಕೇಳಿದೆನೋ, ಒಂದೊಂದು ಸಲವೂ ಕೋಳಿ ದಪ್ಪಗಾಗುತ್ತಿತ್ತು.

ಇಷ್ಟೆಲ್ಲ ಬಸ್ಸಿನ ಜ್ಞಾನ ಇದ್ದ ಮನುಷ್ಯ ಬಸ್ಸು ಹತ್ತುತ್ತಿರಲಿಲ್ಲ. ಹತ್ತಿದರೆ ವಾಂತಿ. ಟೌನ್ ಬಸ್ಸಿನಲ್ಲಿ ಎರಡು ಸ್ಟಾಪು ದಾಟುವುದರೊಳಗೆ ಮುಖ ಬಿಳಿಚಿಕೊಳ್ಳುತ್ತಿತ್ತು. ಹಾಗಂತ ಒಪ್ಪುತ್ತಿದ್ದರೇ? "ನಾನ್ಯಾಕೆ ಏರ್ಕಾಡ್‌ಗೆ ಓಗ್ಬೇಕು? ಏರ್ಕಾಡೇ ದಿನಾ ನನ್ನತ್ರ ಬರ್ತಿತ್ತಲ್ಲ" ಎಂದು ಗತ್ತಿನಿಂದ ಹೇಳುವರು. ಕಾಫಿ ತೋಟ ಹೇಗಿರುತ್ತದೆಂದು ಅವರು ಕಣ್ಣಾರೆ ಕಂಡಿರಲಿಲ್ಲ. ಅದರ ಕೆಸರನ್ನು ಮಾತ್ರ ಕಂಡಿದ್ದರು.

ಈ ಗತ್ತು ಒಬ್ಬರೆದುರು ಮಾತ್ರ ನಡೆಯುತ್ತಿರಲಿಲ್ಲ. ಅವರ ಹೆಂಡತಿ. ನೆಂಟಸ್ತನವೇನಿಲ್ಲ, ಅವರು ಮಾಮ ಆದ ಲೆಕ್ಕದಲ್ಲಿ ಇವರು ನನಗೆ ಅತ್ತೆ. ನಂಗವಳ್ಳಿ ಹೆಣ್ಣು. ಮಾಮ ಬಾಯಿ ಬಿಟ್ಟರೆ ಸಾಕು, ಒಳಗಿಂದ ಅತ್ತೆಯ ಉತ್ತರ ತಯಾರಾಗಿರುತ್ತಿತ್ತು. ಮದುವೆ ಮುಗಿದ ಮಾರನೇ ದಿನ ಗಂಡು ಹೆಣ್ಣು ಇಬ್ಬರೂ ನಂಗವಳ್ಳಿಯಿಂದ ಸೇಲಂಗೆ ಬಸ್ಸಿನಲ್ಲೇ ಬಂದವರು. ಆ ಪ್ರಯಾಣದ ಬಗ್ಗೆ ಮನೆಯಲ್ಲಿ ಎರಡು ಕತೆ ಚಾಲ್ತಿಯಲ್ಲಿದ್ದವು.

ಮಾಮನ ಕತೆ: "ಬಸ್ಸು ಯಾವ ಬಣ್ಣ ಇತ್ತೋ ನಂಗೆ ಗೊತ್ತಿಲ್ಲಮ್ಮ. ನಾನು ಬಸ್ಸೆಲ್ಲಿ ನೋಡಿದೆ? ಅವಳ ಮುಖಾನೇ ನೋಡ್ತಾ ಕೂತಿದ್ದೆ."

ಅತ್ತೆಯ ಕತೆ: "ಮುಖ ನೋಡಿದ್ರಾ! ಕಿಟಕಿಯಿಂದ ತಲೆ ಆಚೆ ಆಕಿದೋರು ಒಳಗೆ ತಕ್ಕಳಲಿಲ್ಲ ಕಣೇ. ಮದುವೆ ಹೆಣ್ಣು ಅಂತ ನನ್ ಕೈಗೆ ನಿಂಬೆಹಣ್ಣು ಕೊಟ್ಟಿದ್ರಲ್ಲ ದೃಷ್ಟಿಗೆ, ಅದನ್ನ ಇವರ ಮೂಗಿಗೆ ಇಡ್ಕಂಡು ಬಂದೆ. ಇವರಿಗೆ ನಾನು ಕೊಟ್ಟ ಮೊದಲನೇ ವಸ್ತು ಅದೇ."

"ಸುಮ್ನೆ ಸುಳ್ಳು. ಧೂಳಿಗೆ ಕೆಮ್ಮು ಬಂತು, ಅಷ್ಟೆ."

"ಕೆಮ್ಮಂತೆ, ಕೆಮ್ಮು! ಬಸ್ಸಿನ ಮೈಮೇಲೆಲ್ಲ ಬಳಿದೋಗಿತ್ತು."

ಈ ವ್ಯಾಜ್ಯಕ್ಕೆ ತೀರ್ಪು ಕೊಡುವ ಸಾಹಸ ಯಾರೂ ಮಾಡಲಿಲ್ಲ.

ರಿಟೈರ್ ಆದ ಮೇಲೆ ಮಾಮನಿಗೆ ಬರೆದುಕೊಳ್ಳಲು ಬಸ್ಸುಗಳಿಲ್ಲ. ಕುಕ್ಕರ್ ಎಷ್ಟಕ್ಕೆ ಕೂಗಿತು, ಹಾಲಿನವನು ಎಷ್ಟು ನಿಮಿಷ ತಡ ಎಂದು ಶುರು ಮಾಡಿದರು. ಅತ್ತೆಗೆ ತಲೆ ಕೆಟ್ಟುಹೋಯಿತು. ಚೆನ್ನೈನಲ್ಲಿರುವ ಮಗನಿಗೆ ಫೋನು ಮಾಡಿ, "ನಿಮ್ಮಪ್ಪನ ಕೈಗೆ ಏನಾದ್ರೂ ಕೊಡಪ್ಪ, ಇಲ್ಲಾಂದ್ರೆ ನಾನೇ ಬಸ್ಸತ್ತುತೀನಿ" ಅಂದರು. ಮಗ ಜೋಡಿಸಿ ಅಂಟಿಸುವ ಪ್ಲಾಸ್ಟಿಕ್ ಯುದ್ಧಟ್ಯಾಂಕಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಮಾಮ ಅದನ್ನು ಜೋಡಿಸಿ ಬಣ್ಣ ಹಚ್ಚಿದರು. ಆಮೇಲೆ ಪೆಟ್ಟಿಗೆಯ ಮೇಲಿನ ಕೆಸರು ಮೆತ್ತಿದ ಟ್ಯಾಂಕಿನ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ಯಾವೂರ ಕೆಸರು? ನಾನು ನೋಡಿಲ್ಲದ ಕೆಸರು ನಾನ್ಯಾಕೆ ಬಳೀಲಿ?" ಅಂದರು. ಅಲ್ಲಿಗೆ ಯುದ್ಧ ಮುಗಿಯಿತು, ಬಸ್ಸು ಲಾರಿಗಳ ಕಾಲ ಬಂತು. ತೆಳ್ಳನೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಗೈಯುದ್ದದ ಬಸ್ಸು ಕಟ್ಟುವರು, ಕಿಟಕಿಯ ಕಂಬಿ ಸಮೇತ.

ಮೊದಲನೆಯ ಬಸ್ಸು ಫಳಫಳ ಹೊಳೆಯುತ್ತಿತ್ತು. ಅತ್ತೆ, "ಆಟದ ಸಾಮಾನಂಗೈತೆ" ಅಂದರು. ಮಾಮನಿಗೆ ಅದು ನಾಟಿತು. ಫೋನಿನಲ್ಲಿ ಹುಡುಕಿದರು. ಯಾರೋ ಪರದೇಶದವನು, ಮಾತಿಲ್ಲ ಕತೆಯಿಲ್ಲ, ಬರೀ ಕೈ ಕಾಣುವ ವೀಡಿಯೋ. ಚಿತ್ರ ಬರೆಯುವವರ ಆಯಿಲ್ ಪೇಂಟ್ ಹಾಕಿ ಹೊಸ ಗಾಡಿಯನ್ನು ಹಳೆಯದು ಮಾಡುತ್ತಿದ್ದ. ಮಾಮ ಅದನ್ನು ನೋಡಿದ್ದೇ ನೋಡಿದ್ದು. ಮಾರನೇ ದಿನ ಸ್ಟೇಷನರಿ ಅಂಗಡಿಗೆ ನಡೆದುಕೊಂಡೇ ಹೋಗಿ ಟ್ಯೂಬುಗಳನ್ನು ತಂದರು.

ಆ ವಿದ್ಯೆ ನೋಡಬೇಕಿತ್ತು ನೀವು. ಟ್ಯೂಬಿನ ಬಣ್ಣದಲ್ಲಿ ಎಣ್ಣೆ ಜಾಸ್ತಿಯಿದ್ದರೆ ಗಾಡಿ ಹೊಳೆಯುತ್ತದೆ, ಧೂಳು ಎಲ್ಲಾದರೂ ಹೊಳೆಯುತ್ತದೆಯೇ? ಅದಕ್ಕೆ ಸೀರೆ ಪೆಟ್ಟಿಗೆಯ ರಟ್ಟಿನ ಮೇಲೆ ಬಣ್ಣ ಹಿಂಡಿ ಬಿಡುವರು. ರಟ್ಟು ಎಣ್ಣೆ ಕುಡಿದು, ಬಣ್ಣ ಒಣಚಟ್ನಿಯ ಹದಕ್ಕೆ ಬರುವುದು. ನಮ್ಮ ಬೀದಿಯಲ್ಲಿ ಸೀರೆ ಪೆಟ್ಟಿಗೆಗೆ ಬರವೇ? ಆಮೇಲೆ ಬಸ್ಸಿನ ಮೈಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇಡುವರು. ಹಳದಿ, ಬಿಳಿ, ಇಟ್ಟಿಗೆ ಕೆಂಪು, ಕಂದು, ನೀಲಿ. ಮೊದಲ ಸಲ ನೋಡಿದಾಗ, "ಅಯ್ಯೋ ಮಾಮ, ಬಸ್ಸಿಗೆ ಅಮ್ಮ ಆಗಿದ್ಯಾ!" ಅಂದುಬಿಟ್ಟೆ. ಅವರು ಬ್ರಶ್ಶನ್ನು ಟರ್ಪೆಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಚುಕ್ಕೆಗಳನ್ನು ಮೇಲಿಂದ ಕೆಳಕ್ಕೆ ಎಳೆದರು. ನೋಡನೋಡುತ್ತ ಚುಕ್ಕೆಗಳೆಲ್ಲ ಕರಗಿ ಮಾಯ. ಬಸ್ಸಿನ ಹಸಿರಿಗೆ ಮಾತ್ರ ಬೇಸಿಗೆ, ಮಳೆ ಎಲ್ಲ ಕಳೆದ ಬಣ್ಣ ಬಂದಿತ್ತು. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. "ಮಳೆ ಗೆರೆ ಯಾವಾಗ್ಲೂ ನೇರ ಕೆಳಕ್ಕೆ ಇಳೀತದೆ ಟೀಚರಮ್ಮ, ಸೊಟ್ಟ ಎಳೆದ್ರೆ ಕೆಲಸ ಕೆಟ್ಟಂಗೆ" ಎಂದು ಪಾಠ ಬೇರೆ.

ಟ್ಯೂಬಿನ ಮೇಲಿನ ಇಂಗ್ಲಿಷ್ ಹೆಸರುಗಳು ಅವರಿಗೆ ಬೇಕಿರಲಿಲ್ಲ. ಬರ್ಂಟ್ ಸಿಯೆನ್ನಾ ಎನ್ನುವ ಕೆಂಗಂದು ಬಣ್ಣ ಅವರ ಬಾಯಲ್ಲಿ ನಂಗವಳ್ಳಿ. ಬರ್ಂಟ್ ಅಂಬರ್ ಎನ್ನುವ ಗಾಢ ಕಂದು ತೊಪ್ಪೂರು. ಕಡುಹಸಿರಿನ ಟ್ಯೂಬು ಏರ್ಕಾಡ್. "ನಂಗವಳ್ಳಿಗೆ ಒಂಚೂರು ತೊಪ್ಪೂರು ಬೆರೆಸಿದ್ರೆ ಹಳೇ ತುಕ್ಕು" ಎನ್ನುವರು. ಕಪ್ಪು ಟ್ಯೂಬನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಕಪ್ಪು ಸೋಂಬೇರಿ ಬಣ್ಣ. ಕೊಳೆ ಯಾವತ್ತೂ ಬರೀ ಕಪ್ಪಗಿರಲ್ಲ, ಹತ್ರ ಓಗಿ ನೋಡಬೇಕು." ಈ ಮಾತನ್ನು ನಾನು ಕ್ಲಾಸಿನಲ್ಲಿ, ಬೇರೆ ಬೇರೆ ಹುಡುಗರ ವಿಷಯದಲ್ಲಿ, ಎಷ್ಟೋ ಸಲ ನೆನೆದಿದ್ದೇನೆ.

ಇನ್ನು ನನ್ನನ್ನು ಅಡ್ಡಗಟ್ಟುವ ವಿಷಯ. ಮಾಮನ ತಾಯಿ ನೂಲಿಗೆ ಬಣ್ಣ ಕಟ್ಟುತ್ತಿದ್ದವರು. ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ನೂಲು ಒಣಗಿದ ಮೇಲೆ ಬೆಳಗಿನ ಬಿಸಿಲಿಗೆ ಹೊಸ್ತಿಲ ಆಚೆ ತಂದು, ಬೀದಿಯಲ್ಲಿ ಮೊದಲು ಎದುರಾದ ಹೆಂಗಸನ್ನು ಇದು ಯಾವ ಬಣ್ಣ ಎಂದು ಕೇಳಬೇಕು. ತಾವಾಗಿ ಬಣ್ಣದ ಹೆಸರು ಎತ್ತಬಾರದು. ಗಂಡಸರನ್ನು ಕೇಳಬಾರದು, ಅವರಿಗೆ ಗೊತ್ತಿರುವುದೇ ನಾಲ್ಕು ಬಣ್ಣ. ಮನೆಯವರನ್ನೂ ಕೇಳಬಾರದು, ಅವರು ಪಾಪ ಅಂದುಕೊಂಡು ಸುಳ್ಳು ಹೇಳುತ್ತಾರೆ. "ಬಣ್ಣ ಆಕಿದೋನ ಕಣ್ಣು ನಂಬಬ್ಯಾಡ, ಅದು ಇರೋ ಬಣ್ಣ ನೋಡಲ್ಲ, ಆಕ್ಬೇಕು ಅಂದ್ಕೊಂಡಿದ್ದ ಬಣ್ಣ ನೋಡ್ತದೆ ಅಂತಿದ್ರು ನಮ್ಮಮ್ಮ" ಎಂದು ಮಾಮ ಹೇಳುವರು. ನೂಲು ಹೋಗಿ ಬಸ್ಸು ಬಂತು. ಬೀದಿಯಲ್ಲಿ ಬೆಳಿಗ್ಗೆ ಮೊದಲು ಹಾಯುವ ಹೆಂಗಸು ನಾನು. ತೊಪ್ಪೂರು ಲಾರಿಯನ್ನು ನಾನು ತೊಪ್ಪೂರು ಅಂದರೆ ಪಾಸು. ಅಂದ ದಿನ ಅವರ ಮುಖ ನೋಡಬೇಕು, ಮದುವೆ ಗಂಡೂ ಹಾಗಿರುವುದಿಲ್ಲ.

ಒಂದು ಆಯುಧಪೂಜೆಯ ಹಿಂದಿನ ದಿನ ಭಾರೀ ಅನಾಹುತವಾಯಿತು. ಹಬ್ಬಕ್ಕೆ ಮನೆಯ ಗಾಡಿಗಳನ್ನು ತೊಳೆಯುವುದು ಎಲ್ಲರೂ ಮಾಡುವುದೇ ತಾನೆ? ಅತ್ತೆ ಶೆಲ್ಫಿನಲ್ಲಿದ್ದ ಅಷ್ಟೂ ಬಸ್ಸು ಲಾರಿಗಳನ್ನು ಬಕೆಟ್ಟಿಗೆ ಹಾಕಿ, ಸೋಪಿನ ಪುಡಿ ಉದುರಿಸಿ, ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಸಾಲಾಗಿ ಒಣಹಾಕಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು. ಮಾಮ ಮಾರ್ಕೆಟ್ಟಿನಿಂದ ಬೂದುಗುಂಬಳಕಾಯಿ ಹೊತ್ತು ಬಂದವರು ಹಾಗೇ ನಿಂತರು. ಒಣಗದ ಆಯಿಲ್ ಪೇಂಟು, ಅರ್ಧಕ್ಕರ್ಧ ಹೋಗಿತ್ತು. "ಎಷ್ಟು ಕೊಳೆ ಇತ್ತು ಗೊತ್ತಾ ನಿಮ್ಮ ಗಾಡಿಗಳಲ್ಲಿ!" ಎಂದು ಅತ್ತೆ ಸಂಭ್ರಮದಿಂದ ಹೇಳುತ್ತಿದ್ದರು. ಮಾಮ ಕುಂಬಳಕಾಯಿ ಕೆಳಗಿಟ್ಟು, ಜಗಲಿಯ ಮೇಲೆ ನನ್ನ ಪಕ್ಕ ಕೂತು, "ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವನು ಕೊಡ್ತಾನೆ ಟೀಚರಮ್ಮ? ನಿಜವಾದ ಕೊಳೆ ಅಂದ್ಕೊಂಡವಳೆ" ಅಂದರು. ಸಿಟ್ಟು ಬರಬೇಕಾದ ಕಡೆ ಅವರಿಗೆ ಬರುತ್ತಲೇ ಇರಲಿಲ್ಲ. ಬರಬಾರದ ಕಡೆ ಬರುತ್ತಿತ್ತು.

ಆ ತೊಳೆತವಾದ ಮೇಲೆ ಅವರಿಗೆ ಒಂದು ಹಟ ಹಿಡಿಯಿತು. ಅತ್ತೆ ಮದುವೆಯಾಗಿ ಬಂದ ನಂಗವಳ್ಳಿ ಬಸ್ಸನ್ನು ಮಾಡಬೇಕು, ಅತ್ತೆ ಅದನ್ನು ನೋಡಿ, "ಇದೇ ನಾನು ಬಂದ ಬಸ್ಸು" ಅನ್ನಬೇಕು. ಇದಕ್ಕೆ ಮಾತ್ರ ಬೀದಿಯ ಹೆಂಗಸು ಸಾಲದು. ನಾನು ನಂಗವಳ್ಳಿ ಅಂದರೆ ಅರ್ಧ ಪಾಸು. ಉಳಿದರ್ಧ ಅತ್ತೆಯದು, ಯಾಕೆಂದರೆ ಆ ದಿನ ಆ ಬಸ್ಸನ್ನು ಕಣ್ಣು ಬಿಟ್ಟು ನೋಡಿದವರು ಅವರೊಬ್ಬರೇ. ಗಂಡನ ಕತೆ ನಿಮಗೆ ಗೊತ್ತೇ ಇದೆ.

ಬಸ್ಸು ಕಟ್ಟುವರು, ಬಣ್ಣ ಹಚ್ಚುವರು, ನನ್ನಿಂದ ಪಾಸು ಮಾಡಿಸಿಕೊಂಡು ಒಳಗೆ ಒಯ್ಯುವರು. ಅತ್ತೆ ಸೊಪ್ಪು ಬಿಡಿಸುತ್ತ ಒಮ್ಮೆ ನೋಡಿ, "ಊಂಹೂಂ, ಇದಲ್ಲ" ಅನ್ನುವರು.

"ಏನು ಕಮ್ಮಿ ಆಗದೆ ಹೇಳೇ."

"ಏನೋ ಒಂದು ಕಮ್ಮಿ ಐತೆ. ನಿಮಗೇ ಗೊತ್ತು."

"ಕೆಂಪು ಸಾಲ್ದಾ?"

"ಕೆಂಪು ಸರಿಯಾಗೈತೆ."

"ಮತ್ತೇನು?"

"ಯೋಚ್ನೆ ಮಾಡಿ" ಎಂದು ಅತ್ತೆ ಸೊಪ್ಪಿನ ಕಡೆ ತಿರುಗುವರು. ಮಾಮ ಮತ್ತೆ ಹೊಸ ಬಸ್ಸು ಕಟ್ಟಲು ಕೂರುವರು. ಆ ಮನೆಯಲ್ಲಿ ನಂಗವಳ್ಳಿ ಬಸ್ಸುಗಳು ಒಂದು ಡಿಪೋಗೆ ಆಗುವಷ್ಟು ಸೇರಿದವು.

ಇದರ ನಡುವೆ ಪಂಚೆಯ ಜಗಳ ಶುರುವಾಯಿತು. ಸೇಲಂ ಅಂದರೆ ಬಿಳಿ ಪಂಚೆಯ ಊರು. ಮಾಮನಿಗೆ ಪಂಚೆ ಮಲ್ಲಿಗೆಯಂತೆ ಇರಬೇಕು. ಇದ್ದಕ್ಕಿದ್ದಂತೆ, "ಪಂಚೆ ಹಳದಿಯಾಗೈತೆ, ನೀಲಿ ಆಕು" ಎಂದು ಅತ್ತೆಯ ಹಿಂದೆ ಬಿದ್ದರು. ಅತ್ತೆ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಹನಿ ಜಾಸ್ತಿ ಹಾಕಿದರು. ಸಾಲದು. ಇನ್ನೂ ಹಾಕಿದರು. ಸಾಲದು. ಕೊನೆಗೆ ಸಿಟ್ಟು ಬಂದು ಬಾಟಲಿಯನ್ನೇ ಸುರಿದರು. "ಈಗ ನೋಡು, ಎಂಗೈತೆ ಬಿಳುಪು!" ಎಂದು ಮಾಮ ತಿಳಿನೀಲಿ ಪಂಚೆ ಉಟ್ಟು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದರು. ಬೀದಿಗೆ ಬೀದಿಯೇ ಸೆರಗಿನಲ್ಲಿ ನಗುವನ್ನು ಮುಚ್ಚಿಕೊಂಡಿತು. ಯಾವುದೋ ನೀಲಿ ಬಾವುಟದ ಪಾರ್ಟಿ ಸೇರಿರಬೇಕು ಅಂದವರೂ ಇದ್ದರು. ಕಣ್ಣಿನ ವಿಷಯ ನಮಗೆ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಬಸ್ಸಿನಿಂದ. ಒಂದು ಬೆಳಿಗ್ಗೆ ಎಂದಿನಂತೆ ಅಡ್ಡಗಟ್ಟಿದರು. ಅಂಗೈ ಮೇಲೆ ಹೊಸ ಬಸ್ಸು. ನೋಡಿದೆ. ಚಕ್ರದಿಂದ ಕಿಟಕಿಯವರೆಗೆ ಸುಣ್ಣ ಚೆಲ್ಲಿದ ಹಾಗೆ ಧೂಳು. ಸೇಲಂನವರಿಗೆ ಆ ಧೂಳು ಕೇಳಬೇಕೇ? ಊರ ಪಕ್ಕದ ಬಿಳಿಕಲ್ಲು ಗಣಿಯಿಂದ ಬರುವ ಲಾರಿಗಳೆಲ್ಲ ಹಾಗೇ ಇರುತ್ತವೆ. ಹೊಸ ಪ್ರಯೋಗ ಅಂದುಕೊಂಡು ಖುಷಿಯಿಂದ, "ಬಿಳಿಕಲ್ಲು ಗಣಿ! ಸರಿಯಾ ಮಾಮ?" ಅಂದೆ.

ಅವರ ಮುಖ ಇಳಿದುಹೋಯಿತು. "ಸರಿಯಾಗಿ ನೋಡು."

"ಗಣೀದೇ ಮಾಮ. ಇದರಲ್ಲಿ ನೋಡಾದೇನೈತೆ?"

"ನಂಗವಳ್ಳಿ ಕಣಮ್ಮ ಇದು! ಕೆಂಪು ಕಾಣಲ್ವಾ ನಿಂಗೆ? ದಿನಾ ಸೀಮೆಸುಣ್ಣ ಇಡ್ಕಂಡು ನಿನ್ ಕಣ್ಣು ಕೆಟ್ಟೋಗೈತೆ. ಓಗು, ನಿನ್ ಬಸ್ಸಿಗೆ ಓಗು!"

ನನಗೂ ಸಿಟ್ಟು ಬಂತು, ಹೊರಟುಹೋದೆ. ಆಮೇಲೆ ಅವರು ನನ್ನನ್ನು ತಡೆಯಲಿಲ್ಲ. ನಾನು ಬರುವ ಹೊತ್ತಿಗೆ ಜಗಲಿ ಖಾಲಿ, ಬಾಗಿಲು ಮುಚ್ಚಿರುತ್ತಿತ್ತು. ನನಗೆ ಬಸ್ಸು ಆರಾಮಾಗಿ ಸಿಗುತ್ತಿತ್ತು, ಕೂರಲು ಸೀಟೂ ಸಿಗುತ್ತಿತ್ತು. ಆದರೂ ಮನಸ್ಸಿಗೆ ಏನೋ ಕಳೆದುಕೊಂಡ ಹಾಗೆ.

ಮಾಮನ ಕಣ್ಣಲ್ಲಿ ಪೊರೆ ಬಂದಿತ್ತು. ಅತ್ತೆ ಗದರಿಸಿ ಕಣ್ಣಾಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದ ಮೇಲೆ ಗೊತ್ತಾಯಿತು. ಪೊರೆ ಹಳದಿಗಟ್ಟಿದರೆ ಬಿಳಿ ಹಳದಿಯಾಗಿ ಕಾಣುತ್ತದಂತೆ, ಎಲ್ಲವೂ ಮಬ್ಬು ಕತ್ತಲೆಯಾಗಿ ಕಾಣುತ್ತದಂತೆ. ಅದಕ್ಕೇ ಪಂಚೆಗೆ ನೀಲಿ. ಕೆಂಪು ಕಪ್ಪಿಟ್ಟಂತೆ ಕಂಡಿದ್ದಕ್ಕೇ ಧೂಳಿಗೆ ಬಿಳಿಯ ಮೇಲೆ ಬಿಳಿ. ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು ಅಂದರು ಡಾಕ್ಟರು. ಮಾಮ ಖಂಡಿತ ಬೇಡ ಅಂದರು. ಮಗ ಫೋನಿನಲ್ಲಿ ಹೇಳಿದ, ಬೇಡ. ಅತ್ತೆ ಅತ್ತರು, ಬೇಡ. ಕೊನೆಗೆ ನನ್ನನ್ನು ಕರೆಸಿದರು.

ಜಗಲಿಯ ಮೇಲೆ ಅವರ ಪಕ್ಕ ಕೂತೆ. ಆ ಗತ್ತಿನ ಮನುಷ್ಯ ಮೆಲ್ಲಗೆ, "ಪೊರೆ ತೆಗೆದು ಪ್ಲಾಸ್ಟಿಕ್ ಲೆನ್ಸ್ ಇಡ್ತಾರಂತೆ ಟೀಚರಮ್ಮ. ಅದ್ರಲ್ಲಿ ಕಾಣೋ ಕೆಂಪು ನಂದಾ, ಲೆನ್ಸಿಂದಾ? ನಾನು ನೋಡಿದ ಕೆಂಪು ಕಡೇತಂಕ ಸಿಗದೇ ಓದ್ರೆ? ಇವಳ ಬಸ್ಸು ಬಾಕಿ ಐತಲ್ಲ" ಅಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅಳು ಬಂತು. ಅಳುವವಳಿಗೆ ಮಾತು ಹೇಗೋ ಸಿಕ್ಕಿತು.

"ಮಾಮ, ಬಣ್ಣ ಆಕಿದೋನ ಕಣ್ಣು ನಂಬಬ್ಯಾಡ ಅಂತ ಹೇಳ್ಕೊಟ್ಟಿದ್ದು ನಿಮ್ಮಮ್ಮ ತಾನೆ? ಈಗ ನೀವು ನಿಮ್ಮ ಕಣ್ಣೇ ಸರಿ ಅಂತ ಕೂತಿದ್ದೀರಲ್ಲ. ಬೀದಿ ಹೆಂಗಸು ಹೇಳಿದ್ದು ಕೇಳಬ್ಯಾಡ್ವಾ?"

ಅವರು ಆ ಬಿಳಿ ಧೂಳಿನ ಬಸ್ಸನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. "ಗಣೀನಾ ನಿಜವಾಗ್ಲೂ?" ಅಂದರು.

"ಗಣೀನೇ ಮಾಮ. ಪಂಚೆಯಂತೂ ಮೆಟ್ಟೂರು ಡ್ಯಾಮಿನ ನೀರು."

ಒಂದು ಕಣ್ಣಿಗೆ ಮೊದಲು ಆಪರೇಷನ್ ಆಯಿತು. ಮಾರನೇ ದಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದಾಗ ಮೊದಲು ನೋಡಿದ್ದು ಡಾಕ್ಟರನ್ನಲ್ಲ, ಅತ್ತೆಯನ್ನಲ್ಲ, ತಮ್ಮ ಪಂಚೆಯನ್ನು. "ಅಡಿಪಾವಿ, ಪಾಪಿ! ಆಕಾಶಾನ ಉಡಿಸಿ ಬೀದೀಲಿ ಮೆರವಣಿಗೆ ಮಾಡ್ಸಿದ್ಯಲ್ಲೇ!" ಎಂದು ಕೂಗಿದ್ದು ವಾರ್ಡಿನ ಆಚೆಗೂ ಕೇಳಿಸಿತಂತೆ. ಅತ್ತೆ, "ನೀವೇ ಕೇಳಿದ್ದು, ನೀವೇ ಉಟ್ಟಿದ್ದು" ಅಂದರಂತೆ. ಮನೆಗೆ ಬಂದವರು ಒಂದು ಕಣ್ಣು ಮುಚ್ಚಿ ಬಸ್ಸು ನೋಡುವರು, ಇನ್ನೊಂದು ಮುಚ್ಚಿ ನೋಡುವರು. "ಈ ಕಣ್ಣಲ್ಲಿ ನಂಗವಳ್ಳಿ, ಈ ಕಣ್ಣಲ್ಲಿ ಗಣಿ. ಟಿಕೆಟ್ ಇಲ್ದೆ ಎರಡೂರು!" ಎಂದು ಬೀದಿಯವರಿಗೆಲ್ಲ ತೋರಿಸುವರು. ಎರಡನೇ ಕಣ್ಣೂ ಆದ ಮೇಲೆ, ಬಿಳಿ ಧೂಳಿನ ಬಸ್ಸುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಮೇಲೆ ಗಣಿ ಎಂದು ಬರೆದು ಅಟ್ಟಕ್ಕೆ ಹಾಕಿದರು. ಬಿಸಾಡಲಿಲ್ಲ. "ಗಣಿ ಗಾಡಿ ಅಂತ ನೋಡಿದ್ರೆ ಫಸ್ಟ್ ಕ್ಲಾಸಾಗವೆ" ಎನ್ನುವ ಜಂಬ ಬೇರೆ.

ಕೊನೆಯ ನಂಗವಳ್ಳಿ ಬಸ್ಸಿಗೆ ಬಹಳ ಕಾಲ ಹಿಡಿಯಿತು. ಆಮೇಲೆ ಒಂದು ದಿನ ಮತ್ತೆ ಅಡ್ಡಗಟ್ಟಿದರು. ಅಂಗೈ ಮೇಲಿದ್ದುದನ್ನು ನೋಡಿದೆ. ಮಳೆಯಿಲ್ಲದ ತಿಂಗಳ ಕೆಮ್ಮಣ್ಣು. ಚಕ್ರದ ಹತ್ತಿರ ದಪ್ಪ, ಕಿಟಕಿಯ ಕೆಳಗೆ ತೆಳು, ಬಾಗಿಲ ಮೆಟ್ಟಿಲ ಮೇಲೆ ಜನರ ಕಾಲು ತುಳಿದು ಸವೆದ ಗುರುತು, ಹಿಂದಿನ ಏಣಿಗೆ ತುಕ್ಕು. "ನಂಗವಳ್ಳಿ" ಅಂದೆ. ಮಾಮ ಕಣ್ಣು ಮುಚ್ಚಿ ತೆರೆದರು, ಅಷ್ಟೇ.

ಆಗ ಒಂದು ಕಿಟಕಿಯ ಕೆಳಗೆ ಏನೋ ಕಂಡಿತು. ಕೆಂಪಿನ ಮೇಲೆ ಹಳದಿ ಬೆರೆತ ತೆಳ್ಳನೆಯ ಗೆರೆಗಳು.

"ಇದೇನು ಮಾಮ?"

"ಮಳೆ ಗೆರೆ."

"ಮಳೆ ಗೆರೆ ನೇರ ಕೆಳಗಿಳೀತದೆ ಅಂತ ನೀವೇ ಹೇಳಿದ್ದು. ಇದು ಹಿಂದಕ್ಕೆ ಓಡ್ತಾ ಇದೆಯಲ್ಲ?"

"ನಿನ್ ಬಸ್ಸು ಸ್ಟ್ಯಾಂಡ್ ಬಿಡ್ತು ಟೀಚರಮ್ಮ, ಓಗು ಓಗು" ಎಂದು ಬಸ್ಸನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಒಳಗೆ ನಡೆದರು. ಓಡಿಹೋಗಿ ನೋಡಿದರೆ ನನ್ನ ಬಸ್ಸು ಅಲ್ಲೇ ನಿಂತಿತ್ತು. ಅವರು ಬಸ್ಸಿನ ವಿಷಯದಲ್ಲಿ ನನಗೆ ಹೇಳಿದ ಒಂದೇ ಸುಳ್ಳು ಅದು.

ಹೋದ ಬೇಸಿಗೆಯಲ್ಲಿ ಮಾಮ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬಸ್ ಸ್ಟ್ಯಾಂಡಿನಿಂದ ಎಷ್ಟೋ ಡ್ರೈವರುಗಳು ಬಂದಿದ್ದರು. ಕೋಳಿಯ ಡ್ರೈವರೂ ಬಂದಿದ್ದ, ಮುದುಕನಾಗಿದ್ದ, ಎಲ್ಲರಿಗಿಂತ ಜಾಸ್ತಿ ಅತ್ತ. ನನಗೆ ಈಗಲೂ ಆ ತಿರುವಿಗೆ ಬಂದಾಗ ಕಾಲು ತಾನಾಗಿ ನಿಧಾನವಾಗುತ್ತದೆ. ಯಾರೂ ತಡೆಯುವುದಿಲ್ಲ, ಸಂಕಟವಾಗುತ್ತದೆ.

ಈ ಸಲದ ಆಯುಧಪೂಜೆಗೆ ಅತ್ತೆ ಮನೆಗೆ ಹೋದೆ. ಶೆಲ್ಫಿನ ಗಾಡಿಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಒಂದೊಂದರ ನೆತ್ತಿಗೂ ಕುಂಕುಮದ ಚುಕ್ಕೆ. ಬೇರೆ ಗಾಡಿಗಳ ಮುಂದೆ, ಚಕ್ರಕ್ಕೆ ತಾಗುವಂತೆ, ನಿಂಬೆಯ ಹೋಳುಗಳಿದ್ದವು. ಕೆಂಪು ಧೂಳಿನ ಆ ಕೊನೆಯ ನಂಗವಳ್ಳಿ ಬಸ್ಸಿನ ಪಕ್ಕದಲ್ಲಿ ಮಾತ್ರ ಒಂದು ಇಡೀ ನಿಂಬೆಹಣ್ಣು, ಆ ಬಸ್ಸಿಗಿಂತ ಎತ್ತರ. ಎಷ್ಟೋ ತಿಂಗಳ ಮನೆಧೂಳೂ ಅದರ ಮೇಲೆ ಕೂತಿತ್ತು. ನಾನು ಕೈಚೌಕ ತೆಗೆದೆ.

"ಮುಟ್ಟಬ್ಯಾಡ ಲೇ!" ಅಂದರು ಅತ್ತೆ.

"ಮೇಲಿನ ಧೂಳು ಮಾತ್ರ ಒರೆಸ್ತೀನಿ ಅತ್ತೆ."

"ಯಾವುದು ಅವರು ಬಳಿದಿದ್ದು, ಯಾವುದು ಕೂತಿದ್ದು, ನಿಂಗೆ ಗೊತ್ತಾಗ್ತದಾ? ಬುಡು." ಪಕ್ಕಕ್ಕೆ ಬಂದು ಕೂತು, ಆ ಹಳದಿ ಗೆರೆಗಳ ಹತ್ತಿರಕ್ಕೆ ಬೆರಳು ತಂದರು, ತಾಗಿಸಲಿಲ್ಲ. "ಇದೊಂದು ಇರಲಿಲ್ಲ ನೋಡು ಬಾಕಿ ಬಸ್ಸುಗಳಲ್ಲಿ. ಅದಕ್ಕೇ ಇದಲ್ಲ, ಇದಲ್ಲ ಅಂತಿದ್ದೆ. ಅದು ಕೆಮ್ಮಲ್ಲ ಅಂತ ಒಪ್ಕೊಳ್ಳೋಕೆ ಎಷ್ಟು ಬಸ್ಸು ಕಟ್ಟಿದ್ರು ಆ ಮನುಷ್ಯ!"

"ನೀವು ಅವರಿಗೆ ಹೇಳಿದ್ರಾ ಅತ್ತೆ, ಇದೇ ಆ ಬಸ್ಸು ಅಂತ?"

"ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಫಿ ಲೋಟದ ಪಕ್ಕ ಬಸ್ಸಿಟ್ಟು ಗೋಡೆ ಕಡೆ ತಿರುಗಿ ಕೂತಿದ್ರು. ನಾನು ಅಡುಗೆಮನೆಗೆ ಓಗಿ ಒಂದು ನಿಂಬೆಹಣ್ಣು ತಂದು, ಆ ಕಿಟಕಿ ಪಕ್ಕ ಇಟ್ಟೆ. ತಿರುಗಿ ನೋಡಿದ್ರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರು ಸುರೀತು ಅವರಿಗೆ. ಆಪರೇಷನ್ ಆದ ಕಣ್ಣು, ಒರೆಸ್ಕಬ್ಯಾಡಿ ಅಂತ ನಾನೇ ಬೈದೆ."

ಅತ್ತೆ ನಿಂಬೆಹಣ್ಣನ್ನು ಒಂದು ಚೂರು ಸರಿಸಿ, ಕಿಟಕಿಗೆ ಇನ್ನೂ ಹತ್ತಿರ ಇಟ್ಟರು.